ಮುನಿದ ಹಂಡೆ

ಹಬೆ, ಮೊದಲು ಕಂಡದ್ದು ಹಬೆ — ಮೂಲೆಯ ದೀಪದ ಕೆಳಗೆ ಬೆಳ್ಳಗೆ ಏಳುತ್ತ, ದೀಪದ ಬಣ್ಣ ತಗುಲಿದಲ್ಲಿ ಹಳದಿಯಾಗುತ್ತ, ಮೇಲಿನ ತಂತಿಗಳ ಸಿಕ್ಕನ್ನು ಮುಟ್ಟುವ ಮೊದಲೇ ಇಲ್ಲವಾಗುತ್ತ, ಈ ಹೊತ್ತಿನಲ್ಲಿ ಇಲ್ಲಿ ಯಾರಪ್ಪಾ, ಔಷಧಿ ಅಂಗಡಿ ಬಾಗಿಲೆಳೆದ ಮೇಲೆ ಈ ಮೂಲೆಯಲ್ಲಿ ನಾಯಿ ಕೂಡ ನಿಲ್ಲುವುದಿಲ್ಲವಲ್ಲ, ಎಂದುಕೊಳ್ಳುವಷ್ಟರಲ್ಲಿ ಅನ್ಸೆಲ್ಮೊನ ಕಾಲು ಆ ಕಡೆ ತಿರುಗಿ ಆಗಿತ್ತು, ಕಾಲಿಗೇನು, ಅದಕ್ಕೆ ಮೂಗು ಹೇಳಿದ್ದೇ ವೇದವಾಕ್ಯ, ಮೂಗಿಗೆ ಗೊತ್ತಾಗಿಹೋಗಿತ್ತು, ಮೆಕ್ಕೆಜೋಳದ ಹಿಟ್ಟು, ಹಂದಿಕೊಬ್ಬು, ಒದ್ದೆಯಾದ ತೆನೆಸಿಪ್ಪೆ, ಹಸಿಮೆಣಸಿನ ಗೊಜ್ಜು, ಎಲ್ಲ ಒಟ್ಟಿಗೆ ಬೆಂದಾಗ ಬರುವ ವಾಸನೆ, ತಮಾಲೆ — ಯಾವ ವಾಸನೆ ಸಾಕಾಗಿ ಮನೆ ಬಿಟ್ಟು ಬಂದನೋ ಅದೇ ವಾಸನೆ ದಾರಿಯಲ್ಲಿ ಕಾದು ನಿಂತಿತ್ತು, ಆದರೆ ಇದು ಬೆಂದದ್ದು, ಅವನ ಮನೆಯದು ಬೇಯದ್ದು, ಸಂಜೆಯಿಂದ ಒಲೆಯ ಮೇಲೆ ಕೂತಿದೆ ಹಂಡೆ, ಉರಿ ಇದೆ, ನೀರಿದೆ, ತಳಕ್ಕೆ ಹಾಕಿದ ನಾಣ್ಯ ಕಟಕಟ ಎನ್ನುತ್ತಲೇ ಇದೆ, ನೀರಿರುವ ತನಕ ನಾಣ್ಯ ಕುಣಿಯುತ್ತದೆ, ನಾಣ್ಯ ಸುಮ್ಮನಾದರೆ ನೀರು ಬತ್ತಿತು ಎಂದು, ಅಷ್ಟು ಅವನಿಗೂ ಗೊತ್ತು, ಮೂವತ್ತೈದು ವರ್ಷ ಅಂಪಾರೊ ಮಾಡಿದ್ದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದವನಿಗೆ ಅಷ್ಟೂ ಗೊತ್ತಿಲ್ಲದೆ ಇರುತ್ತದೆಯೆ, ಆದರೂ ಮುಚ್ಚಳ ತೆಗೆದು ತೆಗೆದು ನೋಡಿದ, ಒಂದನ್ನು ಎತ್ತಿ ಸಿಪ್ಪೆ ಬಿಡಿಸಿದ, ಇನ್ನೊಂದನ್ನು ಬಿಡಿಸಿದ, ಬೆಂದ ತಮಾಲೆ ಸಿಪ್ಪೆಯನ್ನು ತಾನಾಗಿ ಬಿಟ್ಟುಕೊಡುತ್ತದೆ, ಇದು ಬಿಡಲಿಲ್ಲ, ಹಿಟ್ಟು ಸಿಪ್ಪೆಗೆ ಅಂಟಿಕೊಂಡೇ ಬಂತು, ಅರ್ಧ ಬಿಳುಪು, ಅರ್ಧ ಮಂಕು, ನಾಳೆ ಕಾಂಡೆಲಾರಿಯಾ ಹಬ್ಬ, ನಾಳೆ ಮಧ್ಯಾಹ್ನಕ್ಕೆ ಮಗಳು, ಅಳಿಯ, ಮೊಮ್ಮಕ್ಕಳು, ಅಂಪಾರೊಳ ಇಬ್ಬರು ತಂಗಿಯರು, ಆ ತಂಗಿಯರೋ, ಅಕ್ಕನ ಕೈರುಚಿ ನೆನೆದು ಅಳುವುದಕ್ಕೆಂದೇ ಕರವಸ್ತ್ರ ಇಸ್ತ್ರಿ ಮಾಡಿ ಇಟ್ಟುಕೊಂಡಿರುವವರು, ಅಂಪಾರೊ ಜೂನಿನಲ್ಲಿ ಹೋದಳು, ಅವಳಿಲ್ಲದ ಮೊದಲ ಕಾಂಡೆಲಾರಿಯಾ, ಹಸಿ ಹಿಟ್ಟನ್ನು ಅವರ ತಟ್ಟೆಗೆ ಹೇಗೆ ಹಾಕುವುದು. ಉರಿ ಸಣ್ಣ ಮಾಡಿ, ಜಾಕೆಟ್ಟು ಏರಿಸಿಕೊಂಡು, ಒಂದು ಸುತ್ತು ಹೋಗಿ ಬರ್ತೀನಿ ಎಂದು ಖಾಲಿ ಮನೆಗೆ ಹೇಳಿ ಹೊರಬಿದ್ದಿದ್ದ.

ಯಾರು ಹೇಳಿದ್ದರು ಮಾಡು ಎಂದು, ಯಾರೂ ಹೇಳಿರಲಿಲ್ಲ, ಹೋದ ತಿಂಗಳು ಮೂರು ರಾಜರ ಹಬ್ಬದ ದಿನ ಮಗಳು ನೊಯೆಮಿಯ ಮನೆಯಲ್ಲಿ ದೊಡ್ಡ ಬಳೆಯಂಥ ಸಿಹಿ ರೊಟ್ಟಿ ಮೇಜಿನ ಮೇಲೆ, ಅವರವರ ತುಂಡು ಅವರವರೇ ಕೊಯ್ಯಬೇಕು, ಚಾಕು ಇಳಿಯುವಾಗ ಎಲ್ಲರೂ ಉಸಿರು ಹಿಡಿಯುತ್ತಾರೆ, ಒಳಗೆ ಅಡಗಿದ ಪುಟ್ಟ ಬಿಳಿ ಶಿಶುಬೊಂಬೆ ಯಾರ ತುಂಡಿನಲ್ಲಿ ಬಂತೋ ಕಾಂಡೆಲಾರಿಯಾದ ತಮಾಲೆ ಅವರ ತಲೆಗೆ, ಅದಕ್ಕೇ ಅಳಿಯ ಮಹಾಶಯ ಒಂದು ವರ್ಷ ಬೊಂಬೆಯನ್ನು ನುಂಗಿಬಿಟ್ಟು ಮಾರನೆಯ ದಿನವೆಲ್ಲ ಹೊಟ್ಟೆ ಹಿಡಿದುಕೊಂಡು ಕೂತಿದ್ದ, ಬೊಂಬೆ ಕಂಡರೆ ಎಲ್ಲರೂ ಪಕ್ಕದವರ ತುಂಡಿಗೆ ಒತ್ತುವವರೇ, ಅಂಪಾರೊ ಒಬ್ಬಳೇ ಬೊಂಬೆ ಬರಲಿ ಎಂದು ಕೊಯ್ಯುವವಳು, ಹೋದ ವರ್ಷ ಬೊಂಬೆ ಬಂದದ್ದು ಅವನ ತುಂಡಿನಲ್ಲಿ, ಒಂದು ಪಾದ ಹೊರಗೆ ಇಣುಕಿತ್ತು, ಅವನು ನೋಡಿ ಮುಖ ಹುಳ್ಳಗೆ ಮಾಡುವಷ್ಟರಲ್ಲಿ ಅವಳು ಅದನ್ನು ಚಿವುಟಿ ತೆಗೆದು ಬಾಯಿಗೆ ಹಾಕಿಕೊಂಡು ಹಲ್ಲಿನ ನಡುವೆ ಕಚ್ಚಿ ತೋರಿಸಿದಳು, ನಂಗ್ ಬಂತು, ನಂಗೇ ಬಂತು ನೋಡ್ರೋ, ಮೇಜೆಲ್ಲ ನಕ್ಕಿತು, ಆಗಲೇ ಅವಳ ಕೆನ್ನೆ ಇಳಿದಿತ್ತು, ನಗುವಾಗ ಮೂಳೆ ಕಾಣುತ್ತಿತ್ತು. ಈ ವರ್ಷವೂ ಅದೇ, ಅವನದೇ ತುಂಡು, ಅದೇ ಪಾದ ಹೊರಗೆ, ಚಿವುಟುವ ಕೈ ಬರಲಿಲ್ಲ, ಮೊಮ್ಮಗಳು ಕಂಡು ಕಿರುಚಿದಳು, ತಾತಂಗ್ ಬಂತು, ತಾತಂಗ್ ಬಂತು, ನೊಯೆಮಿ ತಕ್ಷಣ, ಅಪ್ಪಾ ಬಿಡಪ್ಪಾ, ಈ ಸಲ ಹೊರಗಿಂದ ತರಿಸಿದ್ರಾಯ್ತು, ಯಾರೇನ್ ಅಂದ್ಕೊಳ್ತಾರೆ, ಆಗ ಇವನ ಬಾಯಿಂದ ಇವನಿಗೇ ತಿಳಿಯದೆ ಬಂತು, ಏನೂ ತರಿಸ್ಬೇಡ, ನಾನೇ ಮಾಡ್ತೀನಿ, ನಿಮ್ಮಮ್ಮನ ಹಂಡೇಲೇ ಮಾಡ್ತೀನಿ. ಅಂಪಾರೊಳ ತಂಗಿಯರಲ್ಲೊಬ್ಬಳು ಕರವಸ್ತ್ರ ತೆಗೆದೇಬಿಟ್ಟಳು, ಪಾಪ, ಹೆಂಡತಿಯ ಮೇಲಿನ ಪ್ರೀತಿಗೆ ಹೇಳ್ತಿದಾರೆ ಎಂದುಕೊಂಡರೇನೋ, ಪ್ರೀತಿಗಲ್ಲ, ಯಾವುದಕ್ಕೆ ಎಂದು ಅವನಿಗೆ ಗೊತ್ತು, ಆದರೆ ಅದು ಹಬ್ಬದ ಮೇಜಿನ ಮುಂದೆ ಆಡುವ ಮಾತಲ್ಲ, ಕಾಫಿ ಕುಡಿದು ಎದ್ದು ಬಂದಿದ್ದ.

ಏನ್ ಹುಡುಗ್ರೇ, ಹಾಗ್ ನಿಂತ್ಕೊಂಡ್ ನೋಡ್ತೀರಾ, ಈ ಟಾರ್ಚ್ ಸ್ವಲ್ಪ ಹಿಡ್ಕೊಳ್ಳಿ ಬನ್ನಿ — ಹಬೆಯ ಆಚೆಯಿಂದ ಹೆಂಗಸಿನ ದನಿ, ಬೀದಿಯಲ್ಲಿ ಮಾರುವವರ ಬಾಯಲ್ಲಿ ಅರವತ್ತನಾಲ್ಕರ ಗಂಡಸೂ ಹುಡುಗನೇ, ಹತ್ತಿರ ಹೋದರೆ ಮೂರು ಗಾಲಿಯ ಸೈಕಲ್ಲು, ಮುಂದಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ ಎತ್ತರದ ಹಂಡೆ, ಹಿಂದಿನ ಗಾಲಿಯ ಪಕ್ಕ ಮೊಣಕಾಲೂರಿ ಕೂತ ದಪ್ಪನೆಯ ಹೆಂಗಸು, ತಲೆಗೆ ಉಣ್ಣೆಯ ಟೋಪಿ, ಕೈಯೆಲ್ಲ ಗ್ರೀಸು, ಏನಾಯ್ತಮ್ಮಾ ಎಂದ, ಚೈನ್ ಕಳಚ್ಕೊಂಡಿದೆ, ಇನ್ನೇನಾಗುತ್ತೆ, ನಾನ್ ನಿಲ್ಲೋದು ಮೆಟ್ರೊ ಮೆಟ್ಟಿಲ ಹತ್ರ, ಮನೆಗ್ ಹೋಗ್ತಿದ್ದೆ, ಸರಿಯಾಗ್ ಇಲ್ಲಿ ಬಂದು ಕೈ ಕೊಡ್ತು, ಅದೂ ಇವತ್ತು, ಎಂದಳು, ಸರಿ ಸರ್ಕೊಳ್ಳಿ, ಟಾರ್ಚ್ ನೀವೇ ಹಿಡೀರಿ, ಎಂದು ಕೂತ, ಬೀಗ ರಿಪೇರಿ ಮಾಡುವವನ ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರು ಇಲ್ಲದ ದಿನವಿಲ್ಲ, ಚೈನು ಹಲ್ಲಿಗೂ ಕಂಬಿಗೂ ನಡುವೆ ಸಿಕ್ಕಿಬಿದ್ದಿತ್ತು, ಎಳೆದು ಎಳೆದು ಅವಳೇ ಸಿಕ್ಕಿಸಿದ್ದಳು, ಬಲ ಮಾಡಿದರೆ ಬರುವುದಲ್ಲ ಇದು, ಬಾಗಿದಾಗ ಜಾಕೆಟ್ಟು ತೆರೆದುಕೊಂಡಿತು, ಅವಳು ಟಾರ್ಚನ್ನು ಗಾಲಿಯಿಂದ ಅವನ ಹೊಟ್ಟೆಯ ಮೇಲೆ ಬಿಟ್ಟಳು, ಏಪ್ರನ್ ಚೆನ್ನಾಗಿದೆ, ಹುಡುಗ್ರೇ, ಕೋಳಿಮರಿ ಬೇರೆ ಇದೆ — ಅಯ್ಯೋ, ತೆಗೆಯುವುದನ್ನೇ ಮರೆತಿದ್ದ, ಅಂಪಾರೊಳ ನೀಲಿ ಚೌಕಳಿಯ ಏಪ್ರನ್ನು, ಜೇಬಿನ ಮೇಲೆ ಅವಳೇ ಹೊಲಿದ ಹಳದಿ ಮರಿಗಳು, ಇದನ್ನು ಕಟ್ಟಿಕೊಂಡು ನಾಲ್ಕು ಬೀದಿ ನಡೆದು ಬಂದನೆ, ಬ್ರೆಡ್ಡಿನ ಅಂಗಡಿಯವನು ಅದಕ್ಕೇ ಹಾಗೆ ಗುಡ್ ನೈಟ್ ಹೇಳಿದ್ದು. ಮನೇಲಿ ತಮಾಲೆ ಮಾಡ್ತಿದೀರಾ, ನೀವೇ, ಎಂದಳು, ಹ್ಞೂಂ ಎಂದ, ಬೊಂಬೆ ಬಂತಾ, ಹ್ಞೂಂ, ನುಂಗ್ಬಿಡ್ಬೇಕಿತ್ತು, ಎಂದು ಹೇಳಿ ತಾನೇ ನಕ್ಕಳು, ಅವಳ ನಗು ಹೊಟ್ಟೆಯಿಂದ ಬರುವಂಥದ್ದು, ಟಾರ್ಚಿನ ಬೆಳಕೂ ಅದರ ಜೊತೆ ಅಲುಗಿತು, ನನ್ನ ಹೆಸರು ಚೋಲೆ, ಎಲ್ರೂ ದೋನ್ಯಾ ಚೋಲೆ ಅಂತಾರೆ, ಹದಿನಾರನೇ ವರ್ಷದಿಂದ ಇದೇ ಕೆಲ್ಸ. ಆಗ ಹೊಳೆಯಿತು ಅವನಿಗೆ, ದೇವರೇ ಕಳಿಸಿದ ಹಾಗೆ, ಅಮ್ಮಾ, ನಂಗೆ ನಾಳೆಗೆ ಒಂದ್ ಐವತ್ತು ಬೇಕಾಗಿತ್ತು, ಹಸಿರು ಗೊಜ್ಜಿನದು ಅರ್ಧ, ಮೋಲೆಯ ಕಪ್ಪು ಗೊಜ್ಜಿನದು ಅರ್ಧ, ಬೆಳಗ್ಗೆ ಬೇಗ ಬಂದು ತಗೊಂಡ್ ಹೋಗ್ತೀನಿ, ಯಾರಿಗೂ ಗೊತ್ತಾಗಬಾರದು ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ, ಇವಳ ಹಂಡೆಯಿಂದ ತೆಗೆದು ಮನೆಯ ಹಂಡೆಯಲ್ಲಿ ಜೋಡಿಸಿ ಬಿಸಿ ಮಾಡಿದರೆ ಯಾರಪ್ಪನಿಗೆ ತಿಳಿಯುತ್ತದೆ, ಆದರೆ ದೋನ್ಯಾ ಚೋಲೆ ಟಾರ್ಚನ್ನು ಅವನ ಮುಖಕ್ಕೇ ಬಿಟ್ಟಳು, ಕಾಂಡೆಲಾರಿಯಾ ಹಿಂದಿನ ರಾತ್ರಿ ಬಂದು ಐವತ್ತು ಕೇಳ್ತೀರಲ್ಲ, ನೀವು ಈ ಊರೋರೇ ತಾನೇ, ಮೂರು ರಾಜರ ಹಬ್ಬದ ಮಾರ್ನೇ ದಿನಾನೇ ಜನ ಹೇಳಿಟ್ಟು ಹೋಗಿದಾರೆ, ನನ್ ತಂಗಿಗೇ ಇಲ್ಲ ಅಂದಿದೀನಿ, ಮನೇಲಿ ಇನ್ನೂ ಎರಡು ಹಂಡೆ ಏರಿಸ್ಬೇಕು ನಾನು. ಹೋಯಿತು ಅದೂ. ಅವನು ಸ್ಕ್ರೂಡ್ರೈವರಿನ ತುದಿಯನ್ನು ಚೈನಿನ ಕೊಂಡಿಗೆ ಹಾಕಿ ಮೆಲ್ಲನೆ ಮೀಟಿದ.

ಚೈನು ಬಿಡಿಸಿ ಕೂರಿಸಿ ಗಾಲಿ ತಿರುಗಿಸಿ ತೋರಿಸಿದ ಮೇಲೆ, ಕೈ ಒರೆಸ್ಕೊಳ್ಳಿ, ಇದನ್ನ ತಿನ್ನಿ, ಕೊನೇದು, ನಂಗೇ ಅಂತ ಇಟ್ಕೊಂಡಿದ್ದೆ, ಎಂದು ಹಂಡೆಯ ಬಟ್ಟೆ ಸರಿಸಿ ಒಂದನ್ನು ಎತ್ತಿ ಕಾಗದದ ಮೇಲಿಟ್ಟು ಕೊಟ್ಟಳು, ಬೆರಳು ಸುಡುವಷ್ಟು ಬಿಸಿ, ಸಿಪ್ಪೆ ಒಂದೇ ಎಳೆತಕ್ಕೆ ಬಿಟ್ಟಿತು, ಹೊಟ್ಟೆ ಉರಿಯಿತು ಅವನಿಗೆ, ಎಷ್ಟು ಸಲೀಸಾಗಿ ಬಿಟ್ಟಿತು, ತಿಂದ, ಚೆನ್ನಾಗಿತ್ತು, ಅಂಪಾರೊಳದಲ್ಲ, ಅವಳು ಹಿಟ್ಟಿಗೆ ಸೋಂಪಿನ ನೀರು ಹಾಕುತ್ತಿದ್ದಳು, ಅವಳ ಊರು ಉವಾಮಾಂತ್ಲಾದವರ ಪದ್ಧತಿ, ಆದರೂ ಬೀದಿಯಲ್ಲಿ ನಿಂತು ಚಳಿಗೆ ಬಿಸಿ ತಮಾಲೆ ಊದಿ ಊದಿ ತಿನ್ನುವುದು, ಇದೆಲ್ಲ ಎಷ್ಟು ಕಾಲವಾಯಿತು, ಮದುವೆಯಾದ ಹೊಸತಿನಲ್ಲಿ ಶನಿವಾರ ಸಿನಿಮಾ ಬಿಟ್ಟ ಮೇಲೆ ತ್ಲಾಲ್ಪಾನ್ ರಸ್ತೆಯ ಸೇತುವೆಯ ಕೆಳಗೆ ಹೀಗೇ ನಿಂತು ತಿನ್ನುತ್ತಿದ್ದರು, ಇಬ್ಬರಿಗೂ ಸೇರಿ ಒಂದೇ ಲೋಟ ಅತೋಲೆ, ಆ ಜೋಳದ ಗಂಜಿಗೆ ಬಾಯಿ ಸುಟ್ಟು ನಾಲಗೆ ಹೊರಗೆ ಹಾಕಿ ಅವಳು ಗಾಳಿ ಬೀಸಿಕೊಳ್ಳುವಳು, ಪಕ್ಕದಲ್ಲಿ ಕಿತ್ತಳೆ ಬಣ್ಣದ ಮೆಟ್ರೊ ಹೋಗುವಾಗ ಮಾತು ಕೇಳಿಸುತ್ತಿರಲಿಲ್ಲ, ಆದರೂ ಅವಳು ಮಾತಾಡುತ್ತಲೇ ಇರುತ್ತಿದ್ದಳು, ರೈಲು ಹೋದ ಮೇಲೆ ಅರ್ಧದಿಂದ ಕೇಳಿಸುತ್ತಿತ್ತು, ಮೊದಲರ್ಧ ಏನು ಹೇಳಿದೆ ಎಂದರೆ ನಿಂಗೆ ಬೇಕಾಗಿಲ್ಲ ಬಿಡು ಮುದುಕಾ ಎನ್ನುವಳು, ಇಪ್ಪತ್ತೊಂಬತ್ತು ವರ್ಷದವನಿಗೆ ಮುದುಕಾ, ಇವನೂ ಮುದುಕೀ ಎನ್ನುತ್ತಿದ್ದ, ನಿಜವಾಗಿ ಮುದುಕರಾಗುವ ಹೊತ್ತಿಗೆ ಆ ಮಾತಿನ ತಮಾಷೆ ಸವೆದು ಹೆಸರೇ ಆಗಿಹೋಗಿತ್ತು. ಆ ಹಂಡೆ ಅವಳು ಊರಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದದ್ದು, ಅವಳಮ್ಮನದು, ಮೊದಲ ಕಾಂಡೆಲಾರಿಯಾಕ್ಕೆ ಉವಾಮಾಂತ್ಲಾಕ್ಕೆ ಹೋದಾಗ ಅವನು ನೋಡಿದನಲ್ಲ, ಅಂಗಳದಲ್ಲಿ ಹಂಡೆಗಳು, ಹಿಟ್ಟು ಹೊಡೆಯುವ ಹೆಂಗಸರು, ಹಿಟ್ಟಿನ ಉಂಡೆ ಲೋಟದ ನೀರಿನಲ್ಲಿ ತೇಲಿದರೆ ಚಪ್ಪಾಳೆ, ಮತ್ತು ಅವಳ ಸೋದರಮಾವ ಒಬ್ಬ ಯಾವುದೋ ಹಸುವಿನ ವಿಷಯಕ್ಕೆ ಮುಖ ಊದಿಸಿಕೊಂಡು ಕೂತಿದ್ದ, ಆ ಹಂಡೆ ಬೇಯಲೇ ಇಲ್ಲ, ಅತ್ತೆ ಮುಚ್ಚಳ ತೆಗೆದು ನೋಡಿ, ಯಾರೋ ಇಲ್ಲಿ ಸಿಟ್ಟಿಟ್ಕೊಂಡಿರೋದು, ಸಿಟ್ಟಿದ್ರೆ ಹಂಡೆ ಬೇಯಲ್ಲ, ಎಂದು ಗದರಿ ಆ ಸೋದರಮಾವನನ್ನು ಕೋಳಿಗಳ ಜೊತೆ ಹಿತ್ತಿಲಿಗೆ ಅಟ್ಟಿದರು, ಹಂಡೆಯ ಕಿವಿಗೆ ಕೆಂಪು ಬಟ್ಟೆ ಕಟ್ಟಿದರು, ಯಾರಾದ್ರೂ ಕುಣೀರೇ, ಹಂಡೆಗೆ ನಗು ಬರ್ಲಿ, ಎಂದರು, ಆಗ ಎದ್ದವಳು ಅಂಪಾರೊ, ಇಪ್ಪತ್ತನಾಲ್ಕರ ಅಂಪಾರೊ, ಲಂಗದ ತುದಿ ಒಂದು ಕೈಯಲ್ಲಿ, ಹಂಡೆಯ ಸುತ್ತ ಚಪ್ಪಲಿ ಪಟಪಟ ಬಡಿಯುತ್ತ ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತಿಗೆ ಅವನ ಮುಂದೆ ಬಂದು ಇನ್ನೊಂದು ಕೈ ಚಾಚಿದಳು, ಮಣಿಕಟ್ಟಿನವರೆಗೆ ಹಿಟ್ಟು, ಬೆರಳ ಸಂದಿಯಲ್ಲೂ ಹಿಟ್ಟು, ಬಾ ಮುದುಕಾ, ಅವನು ಪಟ್ಟಣದ ಹುಡುಗ, ಹೊಸ ಷರ್ಟು, ಎಲ್ಲರೂ ನೋಡುತ್ತಿದ್ದಾರೆ, ನಂಗೆ ಬರಲ್ಲ ಮಾರಾಯ್ತಿ ಎಂದು ಗೋಡೆಗೆ ಒರಗಿದ, ಅವಳು ನಕ್ಕು ಮುಂದಕ್ಕೆ ಹೋದಳು. ಪ್ರತಿ ವರ್ಷವೂ ಆ ಕೈ ಬರುತ್ತಿತ್ತು, ಇಲ್ಲಿ ಪೋರ್ತಾಲೆಸ್ ಬಡಾವಣೆಯ ಸಣ್ಣ ಅಡಿಗೆಮನೆಯಲ್ಲಿ, ಹಂಡೆ ಮುನಿಯಲಿ ಬಿಡಲಿ, ಒಂದು ಸುತ್ತು ಕುಣಿದು ಬಾಗಿಲಲ್ಲಿ ನಿಂತ ಅವನ ಕಡೆಗೆ ಚಾಚುವಳು, ಅವನು ಪೇಪರು ಅಡ್ಡ ಹಿಡಿಯುವನು, ಇದು ಅವರ ನಡುವಿನ ಒಂದು ಆಟ, ಅಷ್ಟೇ.

ಹಿಟ್ಟು ತೇಲಿತ್ತಾ, ಎಂದು ಕೇಳುತ್ತಿದ್ದಳು ದೋನ್ಯಾ ಚೋಲೆ, ಮನೆಯ ಹಂಡೆ ಬೇಯುತ್ತಿಲ್ಲ ಎಂದು ಅವನು ಹೇಳಿದ್ದಕ್ಕೆ, ತೇಲಿತ್ತು, ನೀರು, ಇದೆ, ನಾಣ್ಯ ಸದ್ದು ಮಾಡ್ತಿದೆ, ಕೊಬ್ಬು, ಹಾಕಿದೀನಿ, ನೆಟ್ಟಗೆ ನಿಲ್ಸಿದೀರಾ ಒಂದೊಂದನ್ನೂ, ಹ್ಞೂಂ, ಮತ್ತೆ ಬೇಯ್ತಿಲ್ಲ ಅಂತೀರಾ, ಹ್ಞೂಂ, ಅವಳು ಟೋಪಿಯ ಒಳಗೆ ಬೆರಳು ಹಾಕಿ ತಲೆ ಕೆರೆದುಕೊಂಡಳು, ಹಾಗಾದ್ರೆ ಸಿಟ್ಟು, ಯಾರಿಗೆ ಸಿಟ್ಟು ಮನೇಲಿ, ಎಂದಳು, ಮನೇಲಿ ನಾನೊಬ್ನೇ ಎಂದ, ಒಳ್ಳೇದಾಯ್ತು, ಹುಡುಕೋ ಕೆಲ್ಸ ಉಳೀತು, ಯಾರ ಮೇಲೆ, ಎಂದಳು, ಇದೆಂಥ ಹೆಂಗಸು, ದಾರಿಯಲ್ಲಿ ಸಿಕ್ಕಿದವಳು, ಹೆಸರು ಹೇಳಿ ಇನ್ನೂ ಅರ್ಧ ಗಂಟೆಯಾಗಿಲ್ಲ, ಎದ್ದು ಹೋಗಬಹುದಿತ್ತು, ಹೋಗಲಿಲ್ಲ, ಗಾಲಿಯ ಬಳಿ ಕೂತು, ಆಗಲೇ ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೊಮ್ಮೆ ಬಿಗಿ ಮಾಡಿ ಆ ಸ್ಕ್ರೂಗೇ ಹೇಳಿದ, ಹೆಂಡ್ತಿ ಮೇಲೆ, ಈ ಏಪ್ರನ್ನು ಅವಳ್ದು, ಜೂನಲ್ಲಿ ತೀರ್ಕೊಂಡ್ಳು — ಮತ್ತೆ ಬಾಯಿ ಮುಚ್ಚಲು ಆಗಲಿಲ್ಲ, ಎಂಟು ತಿಂಗಳ ಹಿಂದಿನದಲ್ಲ, ಅದಕ್ಕೂ ಹಿಂದಿನದು, ಹೋದದ್ದರ ಹಿಂದಿನ ಕ್ರಿಸ್‌ಮಸ್ಸಿನಿಂದಲೇ ಅವಳಿಗೆ ಊಟ ಸೇರುತ್ತಿರಲಿಲ್ಲ, ರಾತ್ರಿ ಎಚ್ಚರವಾದರೆ ಮಂಚದ ಅಂಚಿನಲ್ಲಿ ಕೂತು ಹೊಟ್ಟೆಗೆ ಬಿಸಿನೀರಿನ ಚೀಲ ಒತ್ತಿಕೊಂಡಿರುತ್ತಿದ್ದಳು, ಆಸ್ಪತ್ರೆಗೆ ಹೋಗೋಣ ನಡಿ ಎಂದರೆ ಕಾಂಡೆಲಾರಿಯಾ ಆಗ್ಲಿ ಮುದುಕಾ, ಕಣ್ಣು ಹಳದಿಯಾಗಿದೆಯಲ್ಲೇ ಎಂದರೆ ಬಲ್ಬು ಹಳೇದು ಕಣೋ, ಎಳೆದುಕೊಂಡು ಹೋಗ್ತೀನಿ ನೋಡು ಎಂದು ಕೂಗಾಡಿದ, ಬಾಗಿಲು ಬಡಿದ, ಮಗಳಿಗೆ ಫೋನು ಮಾಡುತ್ತೇನೆ ಎಂದ, ಅವಳು ಅವನ ಕೈಯಿಂದ ಫೋನು ತೆಗೆದು ಸಕ್ಕರೆ ಡಬ್ಬಿಯಲ್ಲಿ ಇಟ್ಟು, ಕಾಂಡೆಲಾರಿಯಾ ಆಗ್ಲಿ, ಬೊಂಬೆ ನಂಗೆ ಬಂದಿದೆ, ಮಾತು ಕೊಟ್ಟಿದೀನಿ, ಎಂದಳು, ಮಾತು, ಯಾರಿಗೆ, ರೊಟ್ಟಿಗೆ ಮಾತು ಕೊಟ್ಟಿದ್ದಳೇ, ತಮಾಲೆ ಮಾಡಿದಳು, ಯಾವ ವರ್ಷವೂ ಮಾಡದಷ್ಟು ಮಾಡಿದಳು, ಬೀದಿಗೆಲ್ಲ ಹಂಚಿಸಿದಳು, ಕುಣಿದಳು, ಸುತ್ತಿನ ಕೊನೆಗೆ ಆ ಕೈ, ಮಣಿಕಟ್ಟಿನವರೆಗೆ ಹಿಟ್ಟು, ಬೆರಳು ಸಣಕಲಾಗಿ ಉಂಗುರ ಜಾರುತ್ತಿತ್ತು, ಮಾರನೆಯ ವಾರ ಹೋದರೆ ಡಾಕ್ಟರು ಹೇಳಿದ್ದೇನು, ಇನ್ನೂ ಸ್ವಲ್ಪ ಮೊದಲೇ ಬಂದಿದ್ದರೆ ಎಂದರು, ಸ್ವಲ್ಪ ಮೊದಲೇ ಬಂದಿದ್ದರೆ ಏನು ಎಂದು ಆ ಮನುಷ್ಯ ಹೇಳಲಿಲ್ಲ, ಆ ಅರ್ಧ ಮಾತನ್ನು ಇವನ ಕಿವಿಯಲ್ಲಿ ಬಿಟ್ಟು ಎದ್ದುಹೋದರು, ಅದಕ್ಕೇ ನಾನೇ ಮಾಡ್ತೀನಿ ಅಂದಿದ್ದು, ಪ್ರೀತಿಗಲ್ಲಮ್ಮಾ, ಆ ಹಂಡೇಲಿ ಅಂಥದ್ದೇನಿದೆ ನೋಡ್ಬೇಕಿತ್ತು ನಂಗೆ, ನನ್ನನ್ನ ಬಿಟ್ಟು ಹೋಗೋಕೆ ಆಯ್ತು, ತಮಾಲೆನ ಮುಂದಕ್ಕೆ ಹಾಕೋಕಾಗ್ಲಿಲ್ಲ ಅವಳಿಗೆ, ಎಂದ, ದನಿ ಅಷ್ಟು ಜೋರಾಗಿತ್ತು ಎಂದು ಎದುರುಮನೆಯ ಕಿಟಕಿ ತೆರೆದಾಗಲೇ ಗೊತ್ತಾದದ್ದು.

ದೋನ್ಯಾ ಚೋಲೆ ಅಯ್ಯೋ ಪಾಪ ಎನ್ನಲಿಲ್ಲ, ಅಂದಿದ್ದರೆ ಎದ್ದು ಹೋಗಿರುತ್ತಿದ್ದ, ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡು ಸೈಕಲ್ಲಿನ ಸೀಟಿಗೆ ಬೆನ್ನು ಕೊಟ್ಟು ನಿಂತು, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ, ಎಂದಳು, ಅಷ್ಟು ಸಲೀಸಾಗಿ, ಉಪ್ಪು ಎಷ್ಟು ಹಾಕಬೇಕು ಎಂದು ಹೇಳುವವರ ಹಾಗೆ, ಅವನಿಗೆ ಸ್ಕ್ರೂಡ್ರೈವರನ್ನು ಗೋಡೆಗೆ ಎಸೆಯಬೇಕೆನಿಸಿತು, ಎಲ್ಲ ಹೆಂಗಸರೂ ಒಂದೇ, ಎಂದ, ಒಂದೇ, ಇನ್ನೇನು, ಎಂದಳು, ಕೇಳಿ ಇಲ್ಲಿ, ಅವಳಿಗ್ ಗೊತ್ತಿತ್ತು, ರಾತ್ರಿ ಕೂತ್ಕೊಂಡು ಹೊಟ್ಟೆ ಒತ್ತಿ ನೋಡ್ಕೊಳ್ತಿದ್ಳು ಅಂದ್ರಲ್ಲ, ನಮ್ಮ ಹೊಟ್ಟೆ ನಮಗ್ ಹೇಳುತ್ತೆ ಹುಡುಗ್ರೇ, ಡಾಕ್ಟ್ರಿಗಿಂತ ಮೊದ್ಲೇ ಹೇಳುತ್ತೆ, ಹೋಗಿದ್ರೆ ಅವರು ಹೇಳ್ತಿದ್ರು, ನೀವು ಅಳ್ತಿದ್ರಿ, ನಿಮ್ ಮಗ್ಳು ಅಳ್ತಿದ್ಳು, ಬಾಗ್ಲಲ್ಲಿ ನೆಂಟ್ರು, ಕರವಸ್ತ್ರ, ಆ ಅಡಿಗೆಮನೇಲಿ ಯಾರು ಕುಣೀತಿದ್ರು, ಯಾರು ನಗ್ತಿದ್ರು, ಅವಳಿಗೆ ಇನ್ನೂ ಒಂದು ಕಾಂಡೆಲಾರಿಯಾ ಬೇಕಿತ್ತು, ಎಲ್ರೂ ನಗೋ ಅಂಥದ್ದು, ನಿಮ್ಮನ್ನ ಬಿಟ್ಟು ಹಂಡೆ ಹಿಡ್ಕೊಂಡ್ಳು ಅಂತೀರಲ್ಲ, ಹಂಡೆ ಸುತ್ತ ಇದ್ದೋರು ಯಾರು, ನೀವೇ ಅಲ್ವಾ — ಹಾಗೆ ಹೇಳಿ ಮೂಗು ಒರೆಸಿಕೊಂಡಳು, ಚಳಿಗೋ ಏನೋ, ಅವನು ತಮಾಲೆಯ ಖಾಲಿ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಉಂಡೆ ಮಾಡಿದ. ಈಗೇನ್ ಮಾಡ್ಲಿ, ಎಂದ ಕೊನೆಗೆ, ಮನೆಗ್ ಹೋಗಿ, ಹಂಡೆ ಮುಂದೆ ನಿಂತು ಬಯ್ರಿ ಅವಳನ್ನ, ಬಾಯಿಗ್ ಬಂದಂಗೆ ಬಯ್ರಿ, ಒಳಗಿಟ್ಕೊಂಡಿದ್ದೇ ಹಿಟ್ಟಿಗಿಳಿಯೋದು, ಎಲ್ಲ ಮುಗಿದ್ಮೇಲೆ ಕುಣೀರಿ, ನಂಗೆ ಕುಣಿಯೋಕೆ ಬರಲ್ಲ, ನಿಮ್ಮ ಕುಣಿತ ನೋಡೋಕೆ ಯಾರ್ ಟಿಕೆಟ್ ತಗೊಂಡಿದಾರೆ, ಹಂಡೆ ನೋಡಿದ್ರೆ ಸಾಕು, ಎಂದು ಪೆಡಲಿನ ಮೇಲೆ ಕಾಲಿಟ್ಟಳು, ಅಂದ ಹಾಗೆ ಒಲೆ ಆರಿಸಿ ಬಂದಿದೀರಾ, ಹಚ್ಚಿಟ್ಟು ಬಂದಿದೀರಾ, ಎಂದಳು, ಸಣ್ಣ ಉರಿ ಎಂದ, ಅಯ್ಯೋ ದೇವ್ರೇ, ಓಡ್ರಿ, ನೀರು ಬತ್ತಿದ್ರೆ ಸಿಟ್ಟೂ ಇಲ್ಲ ತಮಾಲೆನೂ ಇಲ್ಲ, ಓಡ್ರಿ ಹುಡುಗ್ರೇ, ಅವನು ನಿಜವಾಗಿಯೂ ಓಡಿದ.

ಓಡುವುದೆಂದರೆ ಅವನ ವಯಸ್ಸಿಗೆ ಜೋರು ನಡಿಗೆ, ಕೋಳಿಮರಿಗಳ ಏಪ್ರನ್ನು ಮೊಣಕಾಲಿಗೆ ಬಡಿಯುತ್ತ, ಬ್ರೆಡ್ಡಿನ ಅಂಗಡಿಯವನು ಬಾಗಿಲು ಹಾಕುತ್ತಿದ್ದವನು ಏನ್ ದೋನ್ ಅನ್ಸೆಲ್ಮೊ ಎಂದ, ಏನಿಲ್ಲ ಏನಿಲ್ಲ, ಮೆಟ್ಟಿಲು, ಬೀಗ, ಬೀಗದವನ ಕೈಗೇ ಬೀಗ ಸಿಗದ ಹಾಗೆ ಆಗಿ, ಒಳಗೆ ಕತ್ತಲು, ಅಡಿಗೆಮನೆಯಿಂದ ಸದ್ದಿಲ್ಲ, ನಾಣ್ಯ ಸುಮ್ಮನಾಗಿತ್ತು, ಕೆಟಲಿನಲ್ಲಿ ಉಳಿದಿದ್ದ ಬಿಸಿನೀರನ್ನು ಹಂಡೆಯ ಅಂಚಿನಿಂದ ಮೆಲ್ಲ ಮೆಲ್ಲಗೆ ಇಳಿಸಿದ, ಅವಳು ಇಳಿಸುತ್ತಿದ್ದ ಹಾಗೆ, ತಮಾಲೆಯ ಮೇಲೆ ಬೀಳದ ಹಾಗೆ, ಉರಿ ದೊಡ್ಡದು ಮಾಡಿದ, ಕಾದ, ಒಂದು ಕಟ್, ಎರಡು, ಆಮೇಲೆ ಕಟಕಟಕಟ, ಸದ್ಯ, ಕುರ್ಚಿಗೆ ಕುಸಿದ, ಅವಳ ಹಾಗೆ ಹಂಡೆಯನ್ನು ನೋಡುತ್ತ ಕೂತ, ಬಯ್ಯಬೇಕಂತೆ, ಹೇಗೆ ಶುರು ಮಾಡುವುದು, ಕೆಮ್ಮಿದ, ಏನೇ, ಎಂದ, ತನ್ನ ದನಿಗೆ ತಾನೇ ಬೆಚ್ಚಿದ, ಏನೇ ಮುದುಕಿ, ಬಲ್ಬು ಹಳೇದಾ, ಬಲ್ಬು ಹಳೇದು ಅಂದ್ಯಲ್ಲ, ಮಾರ್ನೇ ದಿನ ಹೊಸ ಬಲ್ಬು ತಂದ್ ಹಾಕ್ದೆ ಕಣೇ ನಾನು, ಆಮೇಲೂ ಹಳದಿನೇ ಇತ್ತು ನಿನ್ ಕಣ್ಣು, ನನ್ನನ್ನೇನು ಕುರುಡ ಅಂದ್ಕೊಂಡಿದ್ಯಾ, ಸಕ್ಕರೆ ಡಬ್ಬೀಲಿ ಫೋನಿಡ್ತಾಳಂತೆ, ಒಬ್ಳೇ ಗೊತ್ತು ಮಾಡ್ಕೊಂಡು ಒಬ್ಳೇ ಕೂತಿದ್ಯಲ್ಲ ರಾತ್ರಿ ಎಲ್ಲ, ನನ್ನನ್ನ ಎಬ್ಬಿಸ್ಬಾರ್ದಿತ್ತಾ, ಹೊಟ್ಟೆ ಒತ್ಕೊಡೋಕೆ ನಾನಿರ್ಲಿಲ್ವಾ, ನಾನೇನ್ ಸತ್ತಿದ್ನಾ — ಬಾಯಿಗೆ ಬಂದದ್ದೆಲ್ಲ ಬಂತು, ಅವಳಮ್ಮನ ಹಂಡೆಗೆ ಬೈದ, ಉವಾಮಾಂತ್ಲಾಕ್ಕೆ ಬೈದ, ರೊಟ್ಟಿ ಮಾಡಿದವನಿಗೆ ಬೈದ, ಬೈಯುತ್ತ ಬೈಯುತ್ತ ಮಾತು ಬೇರೆ ಯಾವುದೋ ಕಡೆ ಜಾರಿತು, ನಿನ್ ಸೋಂಪು ಎಲ್ಲಿಟ್ಟಿದ್ಯೇ, ಮೂರು ಡಬ್ಬ ಹುಡುಕ್ದೆ, ದಾಲ್ಚಿನ್ನಿ ಡಬ್ಬೀಲಿ ಸೋಂಪು ಇಡೋಳು ಜಗತ್ತಲ್ಲಿ ನೀನೊಬ್ಳೇ, ಎಂದು ಹೇಳಿ ಅವನಿಗೇ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು, ತಡೆಯಲಿಲ್ಲ, ಹಂಡೆಯ ಹಬೆ ಕನ್ನಡಕಕ್ಕೆ ಹತ್ತಿ ಏನೂ ಕಾಣಿಸುತ್ತಿರಲಿಲ್ಲ, ಕನ್ನಡಕ ತೆಗೆದಿಟ್ಟು ಎದ್ದ, ಕಿಟಕಿಯ ಪರದೆ ಎಳೆದ, ಎದುರುಮನೆಯವರಿಗೇಕೆ ಪುಕ್ಕಟೆ ನಾಟಕ, ಏಪ್ರನ್ನಿನ ತುದಿ ಹಿಡಿದ, ಒಂದು ಕಾಲು ಎತ್ತಿದ, ಇನ್ನೊಂದು, ಬೂಟಿನ ಸದ್ದು ಕೆಳಮನೆಯವರಿಗೆ ಕೇಳುತ್ತದೆಂದು ಬೂಟು ಬಿಚ್ಚಿದ, ಒಲೆ ಗೋಡೆಗಂಟಿದ್ದು, ಸುತ್ತ ಬರಲು ಜಾಗವಿಲ್ಲ, ಅವಳೂ ಹೀಗೇ ಅರ್ಧ ಸುತ್ತು ಹೋಗಿ ಅರ್ಧ ಸುತ್ತು ಹಿಂದೆ ಬರುತ್ತಿದ್ದಳು, ಸೊಂಟ ಹಿಡಿದ ಮುದುಕ ಕರಡಿಯ ಹಾಗೆ ಹೋದ, ಬಂದ, ಹೋದ, ನಾಣ್ಯ ಕಟಕಟ ತಾಳ ಹಾಕಿತು, ಮೂವತ್ತೈದು ವರ್ಷ ಪೇಪರು ಅಡ್ಡ ಹಿಡಿದು ಉಳಿಸಿಕೊಂಡ ಮಾನವೆಲ್ಲ ಒಂದು ರಾತ್ರಿಯಲ್ಲಿ ಹೋಯಿತು, ಹೋಗಲಿ, ಸುಸ್ತಾಗಿ ಕೂತ, ಮತ್ತೆ ಎದ್ದ, ಮತ್ತೆ ನೀರು ಹೊಯ್ದ, ದೂರದಲ್ಲಿ ಕೊನೆಯ ಮೆಟ್ರೊ ಹೋಯಿತು, ಆ ಸದ್ದಿನಲ್ಲಿ ಅವಳು ಏನೋ ಹೇಳುತ್ತಿರುವಳೇನೋ, ಮೊದಲರ್ಧ, ಅವನಿಗೆ ಯಾವತ್ತೂ ಕೇಳಿಸದ ಮೊದಲರ್ಧ, ಆಮೇಲೆ ಮುಚ್ಚಳ ತೆಗೆದು ನಡುವಿನಿಂದ ಒಂದನ್ನು ಎತ್ತಿದ, ಆರಲು ಬಿಡಬೇಕು, ಆತುರ ಪಡಬಾರದು, ಆರಿಸಿದ, ಸಿಪ್ಪೆಯ ತುದಿ ಹಿಡಿದ, ಎಳೆದ, ಬಿಟ್ಟಿತು, ಒಂದು ಚೂರೂ ಅಂಟದೆ, ಉದ್ದಕ್ಕೂ, ಸಿಪ್ಪೆಯ ಗೀರುಗಳ ಗುರುತು ಹಿಟ್ಟಿನ ಮೇಲೆ ಅಚ್ಚೊತ್ತಿ, ಬಿಡ್ತು, ಬಿಡ್ತು ನೋಡೇ ಮುದುಕೀ, ಎಂದು ತಿರುಗಿದ, ಒಲೆಗೂ ಕಿಟಕಿಗೂ ನಡುವಿನ ಆ ಒಂದು ಮೊಳ ಜಾಗಕ್ಕೆ, ಅಲ್ಲಿ, ಪರದೆಯ ಮುಂದೆ, ಯಾರೂ ಇಲ್ಲ, ಅಲ್ಲ, ಅವಳ ಕೈ, ಮಣಿಕಟ್ಟಿನವರೆಗೆ ಹಿಟ್ಟು, ಬೆರಳು ಬಿಡಿಸಿಕೊಂಡು ಚಾಚಿದ ಕೈ, ಅವನೂ ಚಾಚಿದ, ಹಿಟ್ಟು ಹತ್ತಿದ ಬೆರಳು, ಬಾ ಮುದುಕಾ, ಕೈ —